ನೊರಜಿನ ವರ್ಣತಂತು, ಸಜ್ಜೆಯ ಬೀಜ

ಕೊಳೆತ ಬಾಳೆಹಣ್ಣಿಗೆ ಮುತ್ತುವ ಎಳ್ಳಿನಷ್ಟು ಸಣ್ಣ ನೊರಜನ್ನ ಎಲ್ಲರೂ ನೋಡಿದ್ದೇವೆ. ಮಾವು, ಹೀರೇಕಾಯಿ ಚುಚ್ಚಿ ಹುಳ ಮಾಡುವ ನೊಣ ಬೇರೆ, ಇದು ಬೇರೆ. ಇದರ ಹೆಸರು ಡ್ರೊಸೊಫಿಲ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಇದನ್ನು ಸಾಕಿ ಅಭ್ಯಾಸ ಮಾಡುತ್ತಾರೆ. ಬೀಜ ಉಳಿಸಿಕೊಳ್ಳುವ ರೈತರು ಇದರಿಂದ ಕಲಿಯೋದು ಇದೆ.

ತಂದೆತಾಯಿಯ ಗುಣ ಮಕ್ಕಳಿಗೆ ದಾಟೋದು ವರ್ಣತಂತುಗಳ ಮೂಲಕ. ವಂಶವಾಹಿಗಳು ಅದರ ಮೇಲೆ ಪೋಣಿಸಿದ ಮಣಿಗಳಂತೆ ಸಾಲಾಗಿರುತ್ತವೆ. ನೊರಜಿನ ಮರಿಹುಳದ ಜೊಲ್ಲು ಗ್ರಂಥಿಯಲ್ಲಿ ಈ ವರ್ಣತಂತುಗಳು ಬಹಳ ದಪ್ಪ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಡ್ಡ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಜಸಿಂಟೊ ಅಂತ ಬೆಟ್ಟ. ಅಲ್ಲಿ ಡೊಬ್‌ಝಾನ್ಸ್ಕಿ ಎಂಬ ವಿಜ್ಞಾನಿ ಕಾಡು ನೊರಜು ಹಿಡಿದು ಪಟ್ಟೆಗಳನ್ನು ಹೋಲಿಸಿದರು. ಮೂರನೇ ವರ್ಣತಂತು ಎಲ್ಲದರಲ್ಲೂ ಒಂದೇ ಥರ ಇರಲಿಲ್ಲ. ಕೆಲವದರಲ್ಲಿ ನಡುವಿನ ತುಂಡು ತಿರುಗಿ ಕೂತಿತ್ತು. 1-2-3-4-5-6 ಇದ್ದದ್ದು 1-2-5-4-3-6 ಆದಂತೆ. ಹೀಗೆ ತಿರುಗಿದ ಭಾಗದ ಗುಣಗಳು ಬಹುಮಟ್ಟಿಗೆ ಒಂದೇ ಕಟ್ಟಾಗಿ ಮುಂದಿನ ಪೀಳಿಗೆಗೆ ಹೋಗುತ್ತವೆ.

ಅವರು 1943ರಲ್ಲಿ ಬರೆದದ್ದು ಇನ್ನೂ ಸ್ವಾರಸ್ಯ. ಮಾರ್ಚಿಯಿಂದ ಜೂನ್ ತನಕ ಒಂದು ಬಗೆ ಕಡಿಮೆಯಾಗಿ ಇನ್ನೊಂದು ಹೆಚ್ಚುತ್ತದೆ. ಬೇಸಿಗೆ ಬಲಿತಾಗ ಮೊದಲಿನದೇ ಮತ್ತೆ ಮೇಲೇಳುತ್ತದೆ. 1946ರಲ್ಲಿ ರೈಟ್ ಎಂಬುವರ ಜೊತೆ ಸೇರಿ, ಎರಡೂ ಬಗೆಯನ್ನು ಒಂದೇ ಗೂಡಿನಲ್ಲಿಟ್ಟು 25 ಡಿಗ್ರಿ ಶಾಖದಲ್ಲಿ ಸಾಕಿದ ಫಲಿತಾಂಶ ಕೊಟ್ಟರು. ಒಂದು ಸುಮಾರು ಶೇಕಡಾ 70ಕ್ಕೆ ಏರಿ ನಿಂತಿತು, ಆದರೆ ಇನ್ನೊಂದು ಅಳಿಯಲಿಲ್ಲ. ಎರಡೂ ಬಗೆಯನ್ನು ಒಂದೊಂದು ಪಡೆದ ನೊರಜುಗಳೇ ಹೆಚ್ಚು ಗಟ್ಟಿ ಇದ್ದವು.

ಈ ತಿಂಗಳಿಗೆ ಬೇಡವಾದ ಗುಣ ಮುಂದಿನ ತಿಂಗಳಿಗೆ ಬೇಕು. ನೊರಜಿನ ಹಿಂಡು ಎರಡನ್ನೂ ಒಳಗೇ ಇಟ್ಟುಕೊಂಡಿರುತ್ತದೆ.

ಮಳೆ ನಂಬಿದ ನಮಗೂ ಎಲ್ಲಾ ವರ್ಷ ಒಂದೇ ಅಲ್ಲ. ಸಜ್ಜೆಯಲ್ಲಿ ಕೇಸರಕ್ಕಿಂತ ಮೊದಲೇ ಹೆಣ್ಣು ಭಾಗ ಹೊರಗೆ ಬರೋದರಿಂದ ಗಾಳಿಗೆ ಬೇರೆ ಗಿಡದ ಪರಾಗ ಸೇರುತ್ತದೆ. ನಾಟಿ ಸಜ್ಜೆಯಲ್ಲಿ ಬೇಗ ಬರೋದು, ತಡ ಬರೋದು, ಕುಳ್ಳು, ಉದ್ದ ಎಲ್ಲಾ ಇರೋದು ಅದಕ್ಕೇ. ಬರೇ ನಾಲ್ಕು ದಪ್ಪ ತೆನೆ ಆರಿಸಿ ಬೀಜಕ್ಕಿಟ್ಟರೆ ಆ ವೈವಿಧ್ಯ ವರ್ಷವರ್ಷಕ್ಕೆ ಕರಗುತ್ತದೆ. ಮಳೆ ಕೈಕೊಟ್ಟ ವರ್ಷ ತಡೆದು ನಿಲ್ಲುವ ಗಿಡ ಹೊಲದಲ್ಲಿ ಇರೋದಿಲ್ಲ.

ಆದ್ದರಿಂದ ರಾಶಿಗೆ ಮೊದಲೇ ಹೊಲ ಪೂರ್ತಿ ತಿರುಗಿ, ರೋಗವಿಲ್ಲದ ಬಹಳ ಗಿಡಗಳಿಂದ ತೆನೆ ಆರಿಸಿ. ಬೇಗ ಬಂದದ್ದು, ತಡವಾಗಿ ಬಂದದ್ದು ಎರಡೂ ಇರಲಿ. ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ಆ ಅಂಚಿನ ಸಾಲು ಬಿಡಿ. ಹೈಬ್ರಿಡ್ ಬೆಳೆಗೆ ಈ ಮಾತು ಹೊಂದೋದಿಲ್ಲ, ನಾಟಿ ಬೀಜಕ್ಕಷ್ಟೇ.