ಬಂಡೆಗೆ ಬೆಸೆದ ಬದುಕು: ಬಾರ್ನಕಲ್

ಚೆನ್ನೈ ನಗರದ ಕಡಲತೀರ ಬಹುಮಟ್ಟಿಗೆ ಮರಳಿನದು. ಆದರೂ ಬಂದರಿನ ಅಲೆತಡೆ ಗೋಡೆಗಳ ಮೇಲೆ ಮತ್ತು ಕಡಲಕೊರೆತವನ್ನು ತಡೆಯಲು ರಾಯಪುರಂ ಮುಂತಾದೆಡೆ ಹಾಕಿರುವ ಬಂಡೆಗಳ ಮೇಲೆ, ನೀರಿಳಿದ ವೇಳೆಯಲ್ಲಿ ಪುಟ್ಟ ಗೋಪುರಗಳಂತಹ ಒರಟು ಚಿಪ್ಪುಗಳು ಒತ್ತೊತ್ತಾಗಿ ಕಾಣಸಿಗುತ್ತವೆ. ಇವೇ ಬಾರ್ನಕಲ್‌ಗಳು. ಚಿಪ್ಪಿರುವ ಕಾರಣ ಇವನ್ನು ಬಹುಕಾಲ ಮೃದ್ವಂಗಿಗಳೆಂದೇ ಭಾವಿಸಲಾಗಿತ್ತು. ವಾಸ್ತವವಾಗಿ ಇವು ಏಡಿ, ಸೀಗಡಿಗಳ ಬಳಗಕ್ಕೆ ಸೇರಿವೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಎಂಟು ವರ್ಷಗಳ ಕಾಲ ಇವುಗಳ ಅಧ್ಯಯನದಲ್ಲಿ ತೊಡಗಿದ್ದರು.

ಬಾರ್ನಕಲ್‌ನ ಮರಿ ನೀರಿನಲ್ಲಿ ಸ್ವತಂತ್ರವಾಗಿ ಈಜುತ್ತದೆ. ಹಲವು ಬಾರಿ ಪೊರೆ ಕಳಚಿ ಕೊನೆಯ ಹಂತವನ್ನು ತಲುಪಿದ ಮೇಲೆ ಅದು ಆಹಾರವನ್ನೇ ಸೇವಿಸುವುದಿಲ್ಲ. ನೆಲೆಯನ್ನು ಹುಡುಕುವುದೊಂದೇ ಅದರ ಕಾರ್ಯ. ಸ್ವಜಾತಿಯ ಪ್ರಾಣಿಗಳು ಬಿಟ್ಟ ರಾಸಾಯನಿಕ ಗುರುತುಗಳನ್ನು ಮೀಸೆಗಳಿಂದ ತಡವಿ ಅರಿತು, ಅವುಗಳ ಸಮೀಪದಲ್ಲೇ ನೆಲೆಸಲು ಯತ್ನಿಸುತ್ತದೆ. ಒಮ್ಮೆ ನೆಲೆಸಿದ ಪ್ರಾಣಿ ಸಂಗಾತಿಯನ್ನರಸಿ ಹೋಗಲಾರದಾದ್ದರಿಂದ ನೆರೆಹೊರೆ ಅನಿವಾರ್ಯ. ಅನಂತರ ಗಟ್ಟಿ ಅಂಟನ್ನು ಸ್ರವಿಸಿ, ತಲೆಕೆಳಗಾಗಿ ಅಂಟಿಕೊಂಡು, ಸುತ್ತಲೂ ಸುಣ್ಣದ ಫಲಕಗಳ ಕೋಟೆಯನ್ನು ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕಾಲುಗಳು ನಡೆಯುವುದಕ್ಕಲ್ಲ, ನೀರಿನಲ್ಲಿರುವ ಸೂಕ್ಷ್ಮ ಆಹಾರವನ್ನು ಬಲೆಯಂತೆ ಸೋಸಿ ಹಿಡಿಯುವುದಕ್ಕೆ. ನೀರಿಳಿದಾಗ ಮೇಲಿನ ಬಾಗಿಲನ್ನು ಭದ್ರವಾಗಿ ಮುಚ್ಚಿ, ಒಳಗಿನ ತೇವವನ್ನು ಕಾಪಾಡಿಕೊಂಡು ಸುಡುಬಿಸಿಲನ್ನು ಸಹಿಸುತ್ತದೆ.

ಬಂಡೆಗೂ ಹಡಗಿನ ತಳಕ್ಕೂ ಈ ಪ್ರಾಣಿ ಭೇದವೆಣಿಸುವುದಿಲ್ಲ. ತಳ ಒರಟಾದರೆ ನೀರಿನ ಎಳೆತ ಹೆಚ್ಚುತ್ತದೆ. ಹಡಗಾಗಲಿ ಮೀನುಗಾರಿಕೆಯ ದೋಣಿಯಾಗಲಿ ಅದೇ ದೂರಕ್ಕೆ ಹೆಚ್ಚು ಇಂಧನವನ್ನು ಸುಡಬೇಕಾಗುತ್ತದೆ. ಚೆನ್ನೈಗೆ ದಕ್ಷಿಣದಲ್ಲಿರುವ ಕಲ್ಪಾಕ್ಕಂನ ಮದ್ರಾಸ್ ಪರಮಾಣು ವಿದ್ಯುತ್ ಕೇಂದ್ರವು ತಂಪುಗೊಳಿಸುವ ನೀರನ್ನು ಕಡಲತಳದ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪಡೆಯುವಂತೆ ನಿರ್ಮಾಣಗೊಂಡಿದೆ. ಅಲ್ಲಿಯೂ ಹಸಿರು ಕಲ್ಲುಮರುವಾಯಿಯೊಡನೆ ಬಾರ್ನಕಲ್‌ಗಳು ನೆಲೆಸುವುದರಿಂದ ನೀರಿಗೆ ಕ್ಲೋರಿನ್ ಬೆರೆಸಿ ಅವುಗಳನ್ನು ಹತೋಟಿಯಲ್ಲಿಡಬೇಕಾಯಿತು.

ಹತೋಟಿಯ ಕ್ರಮಗಳಲ್ಲಿಯೂ ವಿವೇಚನೆ ಅಗತ್ಯ. ಹಡಗುಗಳಿಗೆ ಬಳಿಯುತ್ತಿದ್ದ, ತವರದ ಸಂಯುಕ್ತವುಳ್ಳ ವಿಷಬಣ್ಣಗಳು ಬಾರ್ನಕಲ್‌ಗಳೊಡನೆ ಸಿಂಪಿ, ಶಂಖದ ಹುಳುಗಳಿಗೂ ಹಾನಿಯುಂಟುಮಾಡಿದವು. ಆದಕಾರಣ 2001ರಲ್ಲಿ ಅಂಗೀಕೃತವಾದ ಅಂತಾರಾಷ್ಟ್ರೀಯ ಒಪ್ಪಂದವೊಂದು ಅವುಗಳ ಬಳಕೆಯನ್ನು ನಿಷೇಧಿಸಿತು. ಅದು 2008ರಲ್ಲಿ ಜಾರಿಗೆ ಬಂದಿತು. ಹಡಗಿನ ತಳದಲ್ಲಿ ಹೊರೆಯಾಗುವ ಬಾರ್ನಕಲ್ ಬಂಡೆಯ ಮೇಲೆ ನೀರನ್ನು ಸೋಸುತ್ತದೆ, ಇತರ ಜೀವಿಗಳಿಗೆ ಆಹಾರವಾಗುತ್ತದೆ. ಹಡಗನ್ನು ಕಾಯುವ ಉಪಾಯವು ಕಡಲಿಗೆ ಕೇಡಾಗಬಾರದೆಂಬುದೇ ಈ ಅನುಭವದ ಪಾಠ.