ಹಳೆಯ ವೇಗದ ಕಾರು: ಮುಂಗಡ ಕೊಡುವ ಮುನ್ನ ನೋಡಬೇಕಾದುದೇನು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯ ತನಕ ಓದಿ, ಐಟಿಐ ಮುಗಿಸಿ, ಎಂಟು ವರ್ಷಗಳಿಂದ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಹುಡುಗ. ಮಂಗಳೂರಿನಲ್ಲಿ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ, ಹೊಸದರ ಬೆಲೆಯ ಮೂರರಲ್ಲೊಂದು ಪಾಲಿಗೆ ಸಿಗುತ್ತದೆ ಎಂದ. "ಮಾಷ್ಟ್ರೇ, ಕಾಗದಪತ್ರವನ್ನು ನೀವೊಮ್ಮೆ ಓದಿ ಹೇಳಬೇಕಿತ್ತು. ಅಮ್ಮನಿಗೆ ಧೈರ್ಯ ಬರುತ್ತಿಲ್ಲ" ಎಂಬುದು ಅವನ ಕೋರಿಕೆ. ಅದು ಮನೆ ಕಟ್ಟಲೆಂದು ಕೂಡಿಟ್ಟ ಹಣವೆಂಬುದು ನಮಗೆ ಆಮೇಲೆ ತಿಳಿಯಿತು.

ವೇಗದ ಕಾರಿನ ಆಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಡಿದವನಿಗೆ ತನ್ನ ದುಡಿಮೆಯ ಫಲವನ್ನು ಅನುಭವಿಸುವ ಹಕ್ಕಿದೆ. ಆದರೆ ಇಂತಹ ಕಾರನ್ನು ಕೊಳ್ಳುವಾಗ ಪರೀಕ್ಷಿಸಬೇಕಾದ ಸಂಗತಿಗಳು ಸಾಮಾನ್ಯ ಕಾರಿಗಿಂತ ಹೆಚ್ಚು. ಗಡಿಯಾಚೆಯಿಂದ ತರುವುದಾದರೆ ಇನ್ನೂ ಹೆಚ್ಚು. ಅವನೊಡನೆ ಹೋಗಿ ಬಂದ ಅನುಭವದೊಂದಿಗೆ ಅವುಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೆಲೆ ಇಳಿದರೂ ಖರ್ಚು ಇಳಿಯದು

ಎರಡು ಬಾಗಿಲು, ಹಿಂದಕ್ಕೆ ಇಳಿಜಾರಾದ ಮೇಲ್ಛಾವಣಿ ಇರುವ ಕಾರನ್ನು ಕೂಪೆ ಎನ್ನುತ್ತಾರೆ. ಔಡಿ ಟಿಟಿ, 2016ರಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್ ಮಸ್ಟಾಂಗ್ ಇದಕ್ಕೆ ಉದಾಹರಣೆಗಳು. ಅರುವತ್ತು ಲಕ್ಷದ ಕಾರು ಇಪ್ಪತ್ತು ಲಕ್ಷಕ್ಕೆ ಇಳಿದಾಗ ಅದರ ಟಯರು, ಬ್ರೇಕು, ಗೇರ್‌ಬಾಕ್ಸುಗಳ ಬೆಲೆ ಮೂರನೆಯ ಒಂದಕ್ಕೆ ಇಳಿಯುವುದಿಲ್ಲ. ಅವು ಅರುವತ್ತು ಲಕ್ಷದ ಕಾರಿನ ಬಿಡಿಭಾಗಗಳಾಗಿಯೇ ಉಳಿಯುತ್ತವೆ. ಆದುದರಿಂದ ಮೊದಲ ಪ್ರಶ್ನೆ ಕಾರಿನ ಬೆಲೆಯದ್ದಲ್ಲ. ಬಿಡಿಭಾಗ ಎಲ್ಲಿಂದ ಬರುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಹತ್ತಿರದ ಬಲ್ಲ ಮೆಕ್ಯಾನಿಕ್ ಎಲ್ಲಿದ್ದಾನೆ ಎಂಬುದೇ ಮೊದಲು ಕೇಳಬೇಕಾದುದು. ಫೋರ್ಡ್ ಕಂಪೆನಿ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತೆಂಬುದನ್ನು ನೆನಪಿಟ್ಟರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ತಣ್ಣಗಿನ ಎಂಜಿನ್ ಸುಳ್ಳು ಹೇಳದು

ನಾವು ಬೆಳಿಗ್ಗೆ ಒಂಬತ್ತಕ್ಕೆ ತಲಪಿದಾಗ ಕಾರು ಚಾಲೂ ಸ್ಥಿತಿಯಲ್ಲಿ ನಮಗಾಗಿ ಕಾಯುತ್ತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬಿಸಿ. ಎಂಜಿನ್ ಬಿಸಿಯಾದ ಮೇಲೆ ಅನೇಕ ದೋಷಗಳು ಅಡಗುತ್ತವೆ. ಹಾಗಾಗಿ ರಾತ್ರಿಯಿಡೀ ನಿಂತ ಕಾರನ್ನೇ ಚಾಲೂ ಮಾಡಿಸಿ ನೋಡಬೇಕು. ಹೊಗೆಕೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಸಿಹಿ ವಾಸನೆಯ ಬಿಳಿ ಹೊಗೆ ಬಹಳ ಹೊತ್ತು ಬರುತ್ತಲೇ ಇದ್ದರೆ ಕೂಲಂಟ್ ಒಳಗೆ ಸೋರುತ್ತಿದೆಯೆಂಬ ಸಂಶಯ ಮೂಡಬೇಕು. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆಸಿದಂತಹ ಜಿಡ್ಡಿದ್ದರೆ ಆ ಸಂಶಯ ಇನ್ನಷ್ಟು ಬಲಗೊಳ್ಳುತ್ತದೆ.

ಇಂತಹ ಕಾರುಗಳಲ್ಲಿ ಹಲವಕ್ಕೆ ಟರ್ಬೊ ಇರುತ್ತದೆ. ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಯಂತ್ರವದು. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವ ಅದರ ದಂಡವನ್ನು ಕಾಯುವುದು ತೆಳುವಾದ ಆಯಿಲ್ ಪದರ ಮಾತ್ರ. ಆಯಿಲ್ ಬದಲಿಸುವ ಅವಧಿಯನ್ನು ಹಿಂದಿನ ಒಡೆಯ ಮೀರಿದ್ದರೆ ಅದರ ದಂಡ ತೆರುವವನು ಹೊಸ ಒಡೆಯ. ಆದ ಕಾರಣ ಸರ್ವಿಸ್ ದಾಖಲೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಬೇಕು; ಕಿಲೋಮೀಟರ್ ಅಂಕಿ ವರ್ಷದಿಂದ ವರ್ಷಕ್ಕೆ ಸರಿಯಾಗಿ ಏರಿದೆಯೇ ಎಂದು ಹೋಲಿಸಬೇಕು. ಮೂವತ್ತು ಸಾವಿರ ಕಿಲೋಮೀಟರ್ ಎನ್ನುವ ಕಾರಿನ ಪೆಡಲ್ ಮತ್ತು ಸ್ಟೇರಿಂಗ್ ಸವೆದು ನುಣುಪಾಗಿದ್ದರೆ ಎರಡರಲ್ಲೊಂದು ಸುಳ್ಳು.

ಶಕ್ತಿ ಹೆಚ್ಚಿಸಲು ಎಂಜಿನಿನ ಕಂಪ್ಯೂಟರನ್ನು ತಿದ್ದಿದ್ದಾರೆಯೇ, ಸೈಲೆನ್ಸರ್ ಬದಲಿಸಿದ್ದಾರೆಯೇ ಎಂದು ನೇರವಾಗಿ ಕೇಳಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಅಪಘಾತವಾದಾಗ ವಿಮಾ ಕಂಪೆನಿ ತಕರಾರು ಎತ್ತಲು ಅಷ್ಟು ಸಾಕು. ಬಲ್ಲ ಮೆಕ್ಯಾನಿಕನಿಂದ ಸ್ಕ್ಯಾನರ್ ಹಾಕಿಸಿ ದೋಷಸೂಚನೆಗಳನ್ನು ಓದಿಸುವುದು ಒಳ್ಳೆಯದು. ಸೂಚನೆಗಳನ್ನು ಈಚೆಗಷ್ಟೇ ಅಳಿಸಿದ್ದರೆ ಅದೂ ಹೆಚ್ಚಾಗಿ ಅಲ್ಲಿ ತಿಳಿಯುತ್ತದೆ.

ಟಯರು, ಬ್ರೇಕು, ಮೈ

ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ನಾಲ್ಕು ಟಯರು ನಾಲ್ಕು ಬಗೆಯದ್ದಾಗಿದ್ದರೆ ಒಡೆಯ ಇತರ ಖರ್ಚುಗಳಲ್ಲಿಯೂ ಕೈ ಹಿಡಿದಿದ್ದಾನೆಂದು ಊಹಿಸಬಹುದು. ಒಂದು ಟಯರು ಒಂದೇ ಬದಿಯಲ್ಲಿ ಸವೆದಿದ್ದರೆ ಚಕ್ರಗಳ ಹೊಂದಾಣಿಕೆ ತಪ್ಪಿರಬಹುದು ಅಥವಾ ಹಿಂದೊಮ್ಮೆ ಪೆಟ್ಟು ಬಿದ್ದಿರಬಹುದು. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಎದ್ದು ನಿಂತ ಏಣು ಕೈಗೆ ತಾಗಿದರೆ ಅದು ಸವೆದಿದೆ.

ಬಾಗಿಲು, ಬಾನೆಟ್ಟುಗಳ ಸಂದುಗಳು ಎಲ್ಲೆಡೆ ಸಮನಾಗಿವೆಯೇ ಎಂದು ಹಗಲ ಬೆಳಕಿನಲ್ಲಿ ನೋಡಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಯಾರೋ ಅದನ್ನು ಕಿತ್ತಿರುವ ಸಾಧ್ಯತೆಯಿದೆ. ಕೇರಳವು 2018ರ ನೆರೆಯನ್ನು, ಚೆನ್ನೈ 2015ರ ನೆರೆಯನ್ನು ಕಂಡಿವೆ. ನೀರಿನಲ್ಲಿ ಮುಳುಗಿದ ಕಾರು ತೊಳೆದು ಹೊಳಪಿಸಿದ ಮೇಲೂ ಸೀಟಿನ ಕೆಳಗಿನ ಕಂಬಿಯ ತುಕ್ಕಿನಲ್ಲಿ, ನೆಲಹಾಸಿನಡಿಯ ಕೆಸರಿನಲ್ಲಿ ತನ್ನ ಕಥೆಯನ್ನು ಉಳಿಸಿಕೊಂಡಿರುತ್ತದೆ.

ಗಡಿ ದಾಟುವ ಕಾಗದಗಳು

ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ರಾಜ್ಯದ ನೋಂದಣಿಯ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಕಾಯಿದೆಯ 47ನೆಯ ವಿಧಿ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದರ ಅರ್ಜಿ 28ನೆಯ ನಮೂನೆ. ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಸಾಲದ ಮೇಲೆ ಕೊಂಡ ಕಾರಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಸಾಲ ತೀರಿ 35ನೆಯ ನಮೂನೆಯ ಮೂಲಕ ಅದನ್ನು ತೆಗೆಸದ ಹೊರತು ಕಾರು ಪೂರ್ತಿಯಾಗಿ ಮಾರುವವನದ್ದಲ್ಲ. ಹೊಸ ರಾಜ್ಯದಲ್ಲಿ ಕಟ್ಟಬೇಕಾದ ರಸ್ತೆ ತೆರಿಗೆ ದುಬಾರಿ ಕಾರಿಗೆ ಲಕ್ಷಗಳಲ್ಲಿರುತ್ತದೆ. ಅದನ್ನು ಕೇಳಿ ತಿಳಿದು, ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ತೆರಿಗೆ ತಪ್ಪಿಸಲು ಸುಳ್ಳು ವಿಳಾಸ ಕೊಟ್ಟು ಪುದುಚೇರಿಯಲ್ಲಿ ನೋಂದಾಯಿಸಿದ ದುಬಾರಿ ಕಾರುಗಳ ಪ್ರಕರಣ 2017ರಲ್ಲಿ ಕೇರಳದಲ್ಲಿ ದೊಡ್ಡ ಸುದ್ದಿಯಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ಅಕ್ರಮವಾಗಿ ತಂದವೆಂಬ ಶಂಕೆಯ ಮೇಲೆ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವೆಡೆ ಶೋಧಿಸಿ ಕಾರುಗಳನ್ನು ವಶಪಡಿಸಿಕೊಂಡರು. ಚಾಸಿಸ್ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಬೇಕೆಂಬುದು ಇದಕ್ಕಾಗಿಯೇ.

ನಮ್ಮ ವಿದ್ಯಾರ್ಥಿಯ ಮುಂದೆ ಚಾಚಿದ ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಕಾರನ್ನು "ಇದ್ದಲ್ಲಿ, ಇದ್ದಂತೆ" ಕೊಳ್ಳಲಾಗಿದೆ ಎಂಬ ಒಂದು ಸಾಲು ಅದರ ನಡುವಿತ್ತು. ನಾಳೆ ಗೇರ್‌ಬಾಕ್ಸ್ ಕೆಟ್ಟರೂ ಮಾರಿದವನನ್ನು ಕೇಳುವಂತಿಲ್ಲವೆಂದು ವಾದಿಸಲು ಆ ಸಾಲು ಬರುತ್ತದೆ. ಅವನು ಅದನ್ನು ಓದಿದ್ದ, ಆದರೆ ಅದರ ಇಂಗಿತ ತಿಳಿದಿರಲಿಲ್ಲ, ಕೇಳಲು ನಾಚಿಕೊಂಡಿದ್ದ. ಈ ನಾಚಿಕೆಯೇ ನಮ್ಮ ಮಕ್ಕಳಿಗೆ ದುಬಾರಿಯಾಗುವುದು. ಇಬ್ಬರ ನಡುವಿನ ಕರಾರನ್ನು ಕನ್ನಡದಲ್ಲಿಯೂ ಬರೆಯಬಹುದು. ಕಚೇರಿಯ ನಮೂನೆಗಳು ಬೇರೆ ಭಾಷೆಯಲ್ಲಿದ್ದರೆ ಬಲ್ಲವರಿಂದ ಓದಿಸಿ, ಖಾಲಿ ಜಾಗ ಬಿಡದೆ ತುಂಬಿದ ಮೇಲಷ್ಟೇ ಸಹಿ ಹಾಕಬೇಕು.

ಅಂದು ಮುಂಗಡ ಕೊಡದೆ ಹಿಂದಿರುಗಿದೆವು. ಮೂರು ದಿನ ಕಳೆದು, ಮುಂಜಾನೆ ತಿಳಿಸದೆ ಹೋದಾಗ ಎಂಜಿನ್ ತಣ್ಣಗಿತ್ತು. ಚಾಲೂ ಮಾಡಿದೊಡನೆ ನೀಲಿ ಹೊಗೆ ಎದ್ದಿತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಹಾಗೆಯೇ ಇತ್ತು. ಹುಡುಗ ಒಂದು ಮಾತೂ ಆಡದೆ ಕೀಲಿಯನ್ನು ಮರಳಿಸಿದ.

ಅವನ ಆಸೆ ಆರಿಲ್ಲ. ಈಗಲೂ ಕೊಲ್ಲಿಯಿಂದ ಆಗಾಗ ಕಾರುಗಳ ಚಿತ್ರ ಕಳುಹಿಸುತ್ತಾನೆ. ಮೊದಲು ಬಣ್ಣ ತೋರಿಸುವ ಚಿತ್ರಗಳು ಬರುತ್ತಿದ್ದವು. ಈಗ ಬರುವುದು ಆರ್‌ಸಿಯದ್ದು, ಟಯರಿನ ನಾಲ್ಕು ಅಂಕೆಗಳದ್ದು.