ಗುಂಡಿ ಒತ್ತಿದರೆ ಕಂಪ್ಯೂಟರೇ ಕಣ ವೇಗವರ್ಧಕವನ್ನು ವಿನ್ಯಾಸ ಮಾಡುತ್ತದೆಯೇ?

"ಈಗ ವಿಜ್ಞಾನಿಗಳಿಗೇನು ಕೆಲಸ? ದೊಡ್ಡ ದೊಡ್ಡ ಯಂತ್ರಗಳನ್ನೂ ಕಂಪ್ಯೂಟರೇ ವಿನ್ಯಾಸ ಮಾಡುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ. ಲೆಕ್ಕ ಹಾಕುವುದು ಕಂಪ್ಯೂಟರ್. ಆದರೆ ಏನನ್ನು ಬದಲಿಸಬಹುದು, ಎಲ್ಲಿಯವರೆಗೆ ಬದಲಿಸಬಹುದು ಎಂದು ಹೇಳುವುದು ಮನುಷ್ಯರು.

ಏನನ್ನು ಲೆಕ್ಕ ಹಾಕುತ್ತದೆ?

ಸ್ವಿಟ್ಜರ್ಲೆಂಡ್–ಫ್ರಾನ್ಸ್ ಗಡಿಯಲ್ಲಿ, ನೆಲದಡಿಯ 27 ಕಿ.ಮೀ. ಉದ್ದದ ಸುರಂಗದಲ್ಲಿ ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ಯಂತ್ರವಿದೆ. ಅದರಲ್ಲಿ ಪ್ರೋಟಾನ್‌ಗಳು ಸುತ್ತುತ್ತಿರುತ್ತವೆ. ಅವು ಚದುರಿ ಹೋಗದಂತೆ ಚತುರ್ಧ್ರುವ ಅಯಸ್ಕಾಂತಗಳು ಮಸೂರದಂತೆ ಹಿಡಿದಿಡುತ್ತವೆ. ಪ್ರತಿಯೊಂದಕ್ಕೂ ಎಷ್ಟು ಬಲ ಬೇಕು ಎಂದು ಹುಡುಕಲು ಸರ್ನ್‌ನಲ್ಲೇ ಬೆಳೆದ ಮ್ಯಾಡ್-ಎಕ್ಸ್ ಎಂಬ ತಂತ್ರಾಂಶ ಬಳಸುತ್ತಾರೆ.

ಅದಕ್ಕೆ ಮೊದಲು ಗುರಿ ಹೇಳಬೇಕು: ಈ ಜಾಗದಲ್ಲಿ ಕಣಗಳ ಕಿರಣ ಇಷ್ಟು ಸಣ್ಣದಾಗಿರಲಿ ಎಂದು. ಆಮೇಲೆ ಯಾವ ಅಯಸ್ಕಾಂತಗಳ ಬಲವನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿಸಬೇಕು. ಬದಲಿಸಬಹುದಾದ ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ಮಿತಿ ಕೊಡಬಹುದು.

ಮಿತಿ ಏಕೆ ಬೇಕು?

ವೀಣೆಯ ಬಿರಡೆಯನ್ನು ಅತಿಯಾಗಿ ಬಿಗಿದರೆ ತಂತಿ ತುಂಡಾಗುತ್ತದೆಂದು ನುಡಿಸುವವರಿಗೆ ಗೊತ್ತು. ಕಂಪ್ಯೂಟರ್‌ಗೆ ಆ ಅಳುಕಿಲ್ಲ. ಎಲ್‌ಎಚ್‌ಸಿಯ ಮುಖ್ಯ ಚತುರ್ಧ್ರುವಗಳನ್ನು ಮೀಟರಿಗೆ 223 ಟೆಸ್ಲಾ ಬಲಕ್ಕೆ ರೂಪಿಸಲಾಗಿದೆ. ಮಿತಿ ಹೇಳದಿದ್ದರೆ ತಂತ್ರಾಂಶ 300 ಎಂಬ ಉತ್ತರವನ್ನೂ ಕೊಟ್ಟೀತು. ಗಣಿತಕ್ಕೆ ಅದು ಸರಿ, ಆದರೆ ಅಂಥ ಅಯಸ್ಕಾಂತ ಆ ಸುರಂಗದಲ್ಲಿಲ್ಲ. ಅತಿಯಾಗಿ ಕರೆಂಟ್ ಹರಿಸಿದರೆ ಅದರ ಅತಿವಾಹಕ ತಂತಿ ಆ ಗುಣವನ್ನೇ ಕಳೆದುಕೊಂಡು ಬಿಸಿಯಾಗುತ್ತದೆ.

ಹಾಗೆಂದು ಮಿತಿಯನ್ನು ತೀರಾ ಬಿಗಿ ಮಾಡಿದರೂ ಕಷ್ಟ. ಒಳ್ಳೆಯ ಉತ್ತರ ಬೇಲಿಯ ಆಚೆಗೇ ಉಳಿದು, "ಇದು ಆಗದ ಕೆಲಸ" ಎಂದು ನಾವೇ ತಪ್ಪು ತಿಳಿಯಬಹುದು. ಉತ್ತರ ಸರಿಯಾಗಿ ಗರಿಷ್ಠ ಮಿತಿಗೇ ಅಂಟಿಕೊಂಡಿದ್ದರೆ ಅನುಭವಿಗಳು ಅಲ್ಲೇ ನಿಲ್ಲುತ್ತಾರೆ. ಮಿತಿ ತಪ್ಪೋ, ಗುರಿ ಅತಿಯಾಯಿತೋ ಎಂದು ಮತ್ತೆ ನೋಡುತ್ತಾರೆ.

ಹುಡುಕಾಟ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. ಕತ್ತಲಲ್ಲಿ ಊರಿನ ಅತಿ ತಗ್ಗಿನ ಜಾಗ ಹುಡುಕುವವನು ಮೊದಲು ಸಿಕ್ಕ ಗುಂಡಿಯನ್ನೇ ಅದೆಂದು ನಂಬುವಂತೆ, ತಂತ್ರಾಂಶವೂ ಹತ್ತಿರದ ಸಾಧಾರಣ ಉತ್ತರಕ್ಕೇ ನಿಂತುಬಿಡಬಹುದು. ಆದ್ದರಿಂದ ಬೇರೆ ಬೇರೆ ಕಡೆಯಿಂದ ಶುರುಮಾಡಿ ನೋಡುತ್ತಾರೆ.

ಕೊನೆಯ ಮಾತು

ಕಂಪ್ಯೂಟರ್ ಹುಡುಕುವುದು ನಾವು ಹಾಕಿದ ಬೇಲಿಯೊಳಗೆ ಮಾತ್ರ. "ಕಂಪ್ಯೂಟರ್ ತಾನೇ ಕಂಡುಹಿಡಿಯಿತು" ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಏನನ್ನು ಬದಲಿಸಲು ಬಿಟ್ಟಿದ್ದರು? ಎಲ್ಲಿಯವರೆಗೆ?